ನಾದಿನಿ ಹಾಕಿದ ಒಂದು ಟಿಕ್

ನನ್ನ ನಾದಿನಿಗೆ ದಿನವಿಡೀ ಹಾಡು ಕೇಳುವುದಕ್ಕೇ ಸಂಬಳ ಕೊಡುತ್ತಾರೆಂದು ನಾನು ಬಹಳ ಕಾಲ ನಂಬಿದ್ದೆ. ಅವಳು ಕೆಲಸ ಮಾಡುವ ಗ್ರಂಥಾಲಯಕ್ಕೆ ನಾನು ಹೋದಾಗಲೆಲ್ಲ ಕಿವಿಗೆ ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಹಳೆಯ ಧ್ವನಿಮುದ್ರಣಗಳಲ್ಲಿ ಸದ್ದು ಎಲ್ಲಿ ಕೆಟ್ಟಿದೆಯೆಂದು ಹುಡುಕಿ ಕಂಪ್ಯೂಟರಿನಲ್ಲಿ ಸರಿಪಡಿಸುವುದೇ ಅವಳ ಕೆಲಸವೆಂದು ಆಮೇಲೆ ತಿಳಿಯಿತು. ತಿಳಿದ ಮೇಲೆ ಹೊಟ್ಟೆಕಿಚ್ಚು ಇಳಿಯಬೇಕಿತ್ತು, ಏರಿತು. ಏಕೆಂದರೆ ನಮ್ಮ ಕುಟುಂಬದ ಕಂಪ್ಯೂಟರ್ ಪಂಡಿತ ನಾನು.

ನನ್ನ ಹೆಂಡತಿ ಭಾಷೆ ಕಲಿಸುತ್ತಾಳೆ. ಅವಳ ಪಾಠದ ತಂತ್ರಾಂಶ ಬಹಳ ಹಳೆಯದು. ಹೊಸ ಕಂಪ್ಯೂಟರಿನೊಳಗೇ ಒಂದು ಹಳೇ ಕಂಪ್ಯೂಟರನ್ನು ಸೃಷ್ಟಿಸಿ, ಅದರಲ್ಲಿ ಓಡಿಸಬೇಕು. ಆ ವರ್ಚುವಲ್ ಮಷೀನನ್ನು ನಾನೇ ಕಟ್ಟಿಕೊಟ್ಟೆ. ಚಿತ್ರ ಬಂತು, ಅಕ್ಷರ ಬಂತು, ಸದ್ದು ಮಾತ್ರ ಬರಲಿಲ್ಲ. ಸಂಜೆಗೆ ಅವಳ ವಿದ್ಯಾರ್ಥಿಗಳಿಗೆ ಆಲಿಸುವ ಪರೀಕ್ಷೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ನಾನು ಎರಡು ಜೊತೆ ಹೊಸ ಸ್ಪೀಕರ್ ತಂದೆ.

"ತಂಗೀನ ಕರೀತೀನಿ," ಅಂದಳು ಹೆಂಡತಿ.

"ಅವಳೇನು ದೊಡ್ಡ ಇದಾ?"

"ಚಿಕ್ಕವಳೇ. ಆದ್ರೆ ಕೆಲಸ ಗೊತ್ತು."

ನಾದಿನಿ ಬಂದವಳು ಸ್ಪೀಕರುಗಳತ್ತ ತಿರುಗಿಯೂ ನೋಡಲಿಲ್ಲ. "ಹೊರಗಿನ ಕಂಪ್ಯೂಟರ್ ಚೆನ್ನಾಗೇ ಹಾಡ್ತಿದೆಯಲ್ಲ ಭಾವ. ಒಳಗಿನದಕ್ಕೆ ನೀವೇ ಬಾಯಿ ಕಟ್ಟಿದ್ದೀರ," ಎಂದು ಒಳಗಿನದನ್ನು ಪೂರ್ತಿ ಆರಿಸಿದಳು. ಅದರ ಸೆಟ್ಟಿಂಗ್ಸಿನಲ್ಲಿ ಆಡಿಯೋ ಔಟ್‌ಪುಟ್ ಎದುರಿನ ಖಾಲಿ ಚೌಕಕ್ಕೆ ಒಂದು ಟಿಕ್ ಹಾಕಿ ಮತ್ತೆ ಶುರುಮಾಡಿದಳು. ಪಾಠದ ದನಿ ಖಣಖಣ ಕೇಳಿಸಿತು. ಹೆಂಡತಿ ತಂಗಿಯನ್ನು ನೋಡಿದ ಹಾಗೆ ನನ್ನನ್ನು ಮದುವೆಯ ದಿನವೂ ನೋಡಿರಲಿಲ್ಲ.

"ಇನ್ನೊಂದು ದಿನ ಬಿಟ್ಟಿದ್ರೆ ನನಗೇ ಹೊಳೀತಿತ್ತು, ಅಲ್ವೇನಮ್ಮ?" ಎಂದೆ.

"ಇಲ್ಲ ಭಾವ. ಇನ್ನೊಂದು ಜೊತೆ ಸ್ಪೀಕರ್ ಬರ್ತಿತ್ತು."