ಎದುರಂಗಡಿಯ ಫಿಕ್ಸ್ ರೇಟು

ಫಿಕ್ಸ್ ಅನ್ನುವ ಶಬ್ದ ಮೊದಲು ನನ್ನದಾಗಿತ್ತು. ಬೈಲಹೊಂಗಲದ ಬಜಾರಿನಲ್ಲಿ, ನಮ್ಮ ಸಾಲಿನ ಅಂಗಡಿಗಳಲ್ಲಿ, ಅದನ್ನು ನನಗಿಂತ ಮೊದಲು ಯಾರೂ ಆಡಿರಲಿಲ್ಲ. ಆಡಿದ್ದರೂ ನನ್ನಷ್ಟು ಲಾಭಕ್ಕೆ ಆಡಿರಲಿಲ್ಲ. ತೊಂಬತ್ತರ ಸುರುವಿನಲ್ಲಿ ನಾನು ಬಸ್ಸಿನ ಟಾಪಿನ ಮೇಲೆ ಕಟ್‌ಪೀಸಿನ ಗಂಟು ಒಗೆದು ಸವದತ್ತಿ ಸಂತೆ, ರಾಮದುರ್ಗದ ಸಂತೆ ಎಂದು ತಿರುಗುತ್ತಿದ್ದವನು. ರಾಮದುರ್ಗದಲ್ಲಿ ನನಗೆ ಸೀರೆ ಕೊಡುತ್ತಿದ್ದ ಹಿರಿಯ ವ್ಯಾಪಾರಿಯೊಬ್ಬರು ಒಮ್ಮೆ ಹೇಳಿದರು: "ಸಂತ್ಯಾಗ ನೂರು ಮಂದಿ ನಿನ್ನ ಸುತ್ತ ನಿಂತ್ರ ಅದು ಬರೇ ಗದ್ದಲ. ಹತ್ತು ಫಿಕ್ಸ್ ಗಿರಾಕಿ ಮಾಡ್ಕೊ, ಅದು ಅಂಗಡಿ." ನಾನು ಹತ್ತಕ್ಕೆ ನಿಲ್ಲಲಿಲ್ಲ, ನಲವತ್ತು ಮನೆ ಫಿಕ್ಸ್ ಮಾಡಿಕೊಂಡೆ. ಆ ಮನೆಗಳ ಬಲದ ಮೇಲೆಯೇ ಬೈಲಹೊಂಗಲದಲ್ಲಿ ಅಂಗಡಿ ಹಿಡಿದೆ. ಕೆಳಗೆ ಗಾದಿ ಹಾಕಿದ ಜವಳಿ ಅಂಗಡಿ, ಮೇಲೊಂದು ಖೋಲಿ.

ಆ ನಲವತ್ತರಲ್ಲಿ ಮೊದಲ ನಂಬರು ದೊಡವಾಡದ ಒಂದು ದೊಡ್ಡ ಮನೆತನ. ಐದು ಜನ ಅಣ್ಣತಮ್ಮಂದಿರು, ಒಂದೇ ಒಲೆ. ಹಿರಿಯಣ್ಣನೇ ಯಜಮಾನ. ಅವರ ತಾಯಿ, ಊರಿಗೆಲ್ಲ ಆಯಿ, ಇನ್ನೂ ಗಟ್ಟಿಯಾಗಿದ್ದಳು. ಅವರ ಮನೆಯ ಲಗ್ನದ ಜವಳಿ ಅಂದರೆ ನನಗೆ ಹಬ್ಬ. ಬೆಳಗಿನ ಮೊದಲ ಬಸ್ಸಿಗೆ ಇಪ್ಪತ್ತು ಮಂದಿ ಬಂದು ಗಾದಿಯ ಮೇಲೆ ಕುಂತರೆ ಏಳುವುದು ಸಂಜೆಯ ಬಸ್ಸಿನ ಹೊತ್ತಿಗೆ. ನಾನೊಂದು ದರ ಹೇಳಬೇಕು, ಯಜಮಾನರು ಅದರ ಅರ್ಧಕ್ಕೆ ಕೇಳಬೇಕು, ನಾನು ಹಣೆ ಬಡಿದುಕೊಳ್ಳಬೇಕು, ಅವರು ಎದ್ದು ಚಪ್ಪಲಿ ಮೆಟ್ಟಬೇಕು, ನಾನು ಓಡಿ ಹೋಗಿ ರಟ್ಟೆ ಹಿಡಿದು ಮತ್ತೆ ಕೂರಿಸಬೇಕು. ನಡುವೆ ನಾಲ್ಕು ಸಲ ಚಾ. ಮಧ್ಯಾಹ್ನ ಮೇಲಿನ ಖೋಲಿಯಲ್ಲಿ ಅವರು ತಂದ ಬುತ್ತಿ ಬಿಚ್ಚಿ ರೊಟ್ಟಿ, ಝುಣಕದ ವಡಿ, ಶೇಂಗಾ ಚಟ್ನಿ ಉಣ್ಣುವುದು. ನನಗೂ ಒಂದು ಪಾಲು ಇಡದೆ ಅವರು ಎಂದೂ ಉಂಡಿಲ್ಲ. ವ್ಯಾಪಾರಕ್ಕೆ ಹೊಸದಾಗಿ ಇಳಿಯುವವರಿಗೆ ನಾನು ಇಷ್ಟು ಹೇಳುತ್ತೇನೆ: ಗಿರಾಕಿ ಎದ್ದು ನಿಂತಾಗ ಹೆದರಬೇಡಿ. ಅವನು ಚಪ್ಪಲಿಯಲ್ಲಿ ಎರಡೂ ಕಾಲು ತೂರಿಸಿದ ಮೇಲೆ ನೀವು ಎದ್ದು ಹೋಗಿ ರಟ್ಟೆ ಹಿಡಿಯಿರಿ. ಅದಕ್ಕಿಂತ ಮೊದಲು ಎದ್ದರೆ ಐವತ್ತು ರೂಪಾಯಿ ಹೋದಂತೆಯೇ.

ಹೀಗೆ ನಡೆದಿತ್ತು. ಎರಡು ಸಾವಿರದ ಆಸುಪಾಸಿನಲ್ಲಿ ಕಿತ್ತೂರಿನ ಕಡೆಯ ಒಬ್ಬ ಹುಡುಗ, ಹುಡುಗ ಅಂದರೆ ಮೂವತ್ತು ಮುಟ್ಟಿರಲಿಲ್ಲ, ನನ್ನ ಅಂಗಡಿಯ ಸರಿ ಎದುರಿಗೆ ಅಂಗಡಿ ತೆರೆದ. ಗಾಜಿನ ಬಾಗಿಲು. ಗಾದಿ ಇಲ್ಲ, ಕುರ್ಚಿ. ಸೀರೆ ಸೀರೆಗೂ ಟಾಚಣಿಯಿಂದ ಚುಚ್ಚಿದ ಒಂದು ಚೀಟಿ, ಚೀಟಿಯ ಮೇಲೆ ದರ. ಬಾಗಿಲ ಮೇಲೆ ಕೆಂಪಕ್ಷರದಲ್ಲಿ ಎರಡೇ ಶಬ್ದದ ಬೋರ್ಡು: ಫಿಕ್ಸ್ ರೇಟ್.

ಮೊದಲ ವಾರ ನಾನು ನಕ್ಕೆ. ಚೌಕಾಶಿ ಮಾಡದೆ ಒಂದು ಲಿಂಬೆಹಣ್ಣನ್ನೂ ತರದ ಮಂದಿ ನಮ್ಮವರು, ಇವನ ಚೀಟಿ ಓದಿ ರೊಕ್ಕ ಎಣಿಸಿ ಕೊಡುತ್ತಾರೆಯೇ? ಎರಡನೆಯ ವಾರ ಅವನ ಬಾಗಿಲ ಮುಂದೆ ಬಿಟ್ಟ ಚಪ್ಪಲಿಗಳನ್ನು ನೋಡತೊಡಗಿದೆ. ಮೂರನೆಯ ವಾರ ಅವುಗಳಲ್ಲಿ ನನ್ನ ಗಿರಾಕಿಗಳ ಚಪ್ಪಲಿ ಗುರುತು ಹಿಡಿಯತೊಡಗಿದೆ. ಅವನ ಗಾಜಿನ ಮೇಲೆ, ಅವನ ತಲೆಯ ಮೇಲೆ ತಿರುಗುವ ಹೊಸ ಫ್ಯಾನಿನ ಮೇಲೆ, ಎಲ್ಲಕ್ಕಿಂತ ಹೆಚ್ಚು ಅವನ ಸುಮ್ಮನಿರುವಿಕೆಯ ಮೇಲೆ ನನಗೆ ಸಿಟ್ಟು. ನಾನು ದಿನಕ್ಕೆ ಸಾವಿರ ಮಾತಾಡಿ ಗಂಟಲು ಹರಿದುಕೊಂಡು ಮಾಡುವ ವ್ಯಾಪಾರವನ್ನು ಅವನು ಒಂದು ಟಾಚಣಿಯಿಂದ ಮಾಡುತ್ತಿದ್ದ.

ಅಂಗಡಿಯೊಳಗೆ ಏನು ನಡೆದಿದೆ ತಿಳಿಯಲು ಮನೆಯಾಕೆಯನ್ನು ಕಳಿಸಿದೆ. ಕುಪ್ಪಸದ ಒಂದು ಖಣ ತಗೊಂಡು ಬಂದಳು.

"ಎಷ್ಟಕ್ಕ ಕೇಳಿದಿ?"

"ಕೇಳಲಿಲ್ಲ. ಚೀಟಿ ಮ್ಯಾಲೆ ಬರದಿತ್ತು, ಕೊಟ್ಟು ಬಂದೆ."

"ನನ್ನ ಹೇಣ್ತಿ ಆಗಿ ಒಂದ ಮಾತು ಇಳಸಂತ ಅನ್ನಲಿಲ್ಲೇನ?"

"ಮನ್ಯಾಗ ಕಾಯಿಪಲ್ಲೆದಿಂದ ಹಿಡದು ಎಲ್ಲಾದಕ್ಕೂ ನಿಮ್ಮ ಜೋಡಿ ಚೌಕಾಶಿ ಮಾಡ್ತೇನಲ್ಲ, ಅಷ್ಟ ಸಾಕಾಗೇತಿ ನನಗ," ಎಂದಳು. ಮತ್ತೆ, ನನ್ನನ್ನು ಕೆಣಕಲೆಂದೇ ಇರಬೇಕು, "ಹುಡುಗ ಭಾಳ ಸಂಭಾವಿತ ಅದಾನ್ರಿ," ಎಂದು ಸೇರಿಸಿದಳು. ಅವತ್ತು ನನಗೆ ಊಟ ರುಚಿಸಲಿಲ್ಲ.

ಆ ವರ್ಷ ಈ ಶಬ್ದ ಎಲ್ಲರ ಬಾಯಿಗೂ ಹತ್ತಿತ್ತು. ಚಾದಂಗಡಿಗೆ ಹೋದರೆ ಕ್ರಿಕೆಟ್ ಮ್ಯಾಚೆಲ್ಲ ಫಿಕ್ಸ್ ಆಗ್ಯಾವಂತ ಎಂದು ಮಂದಿ ಕೈ ಕೈ ಹಿಸುಕಿಕೊಳ್ಳುತ್ತಿದ್ದರು. ಬೀಗರ ಮನೆಯಿಂದ ಫೋನು ಬಂದರೆ ಹುಡುಗಿ ಫಿಕ್ಸ್ ಆದಳು ಅನ್ನುವ ಸುದ್ದಿ. ನೆರೆಮನೆಯ ನಿವೃತ್ತ ಮಾಸ್ತರರು ನಿವೃತ್ತಿಯಲ್ಲಿ ಕೈಗೆ ಬಂದ ರೊಕ್ಕವನ್ನು ಬ್ಯಾಂಕಿನಲ್ಲಿ ಫಿಕ್ಸ್ ಇಟ್ಟಿದ್ದರು. ಅದೇ ತಿಂಗಳು ಧಾರವಾಡಕ್ಕೆ ಹೋಗಿ ಹಲ್ಲನ್ನೂ ಫಿಕ್ಸ್ ಮಾಡಿಸಿಕೊಂಡು ಬಂದರು, ಎರಡನ್ನೂ ಒಂದೇ ಹೆಮ್ಮೆಯಿಂದ ಹೇಳುತ್ತಿದ್ದರು. ನಲ್ಲಿ ಜೋಡಿಸಲು ಬಂದವನು ಸ್ಪ್ಯಾನರ್ ಕೆಳಗಿಟ್ಟು "ಫಿಕ್ಸ್ ಆತ್ರಿ ಸಾವ್ಕಾರ್ರ" ಅಂದರೆ ನಾನು ಹೌಹಾರಿ ಎದುರಂಗಡಿ ನೋಡುತ್ತಿದ್ದೆ. ಸಂತೆಯ ಧೂಳು ಕುಡಿದು ನಾನು ಗಳಿಸಿದ ಶಬ್ದ ಅದು. ನನ್ನ ಬಾಯಲ್ಲಿ ಅದು ಮನುಷ್ಯರಿಗೆ ಹೇಳುವ ಮಾತಾಗಿತ್ತು. ಅವನು ಅದನ್ನು ಚೀಟಿಗೆ ಚುಚ್ಚಿಟ್ಟಿದ್ದ.

ಏನೇ ಆಗಲಿ, ದೊಡವಾಡದ ಮನೆ ನನ್ನದು ಎಂದು ಧೈರ್ಯ ತಂದುಕೊಳ್ಳುತ್ತಿದ್ದೆ. ಅವರ ಹಿರೇ ಮಗಳ ಲಗ್ನ ಗೊತ್ತಾಗಿತ್ತು. ಆ ಜವಳಿ ಒಂದು ನನ್ನಲ್ಲಿ ಆದರೆ ಉಳಿದ ಮನೆಗಳೂ ಮರಳಿ ಬರುತ್ತವೆ, ಅದು ಹೋದರೆ ಎಲ್ಲವೂ ಹಿಂದೆಯೇ ಹೋಗುತ್ತವೆ. ಇದು ನನಗೆ ಕನ್ನಡಿಯಷ್ಟು ಸ್ಪಷ್ಟವಿತ್ತು. ರಾಮದುರ್ಗದಿಂದ ಹೊಸ ಸೀರೆ ತರಿಸಿದೆ. ಗಾದಿಯ ಹೊದಿಕೆ ಒಗೆಸಿದೆ.

ಬಂದರು. ಈ ಸಲ ಟೆಂಪೋ ಮಾಡಿಕೊಂಡು ಬಂದಿದ್ದರು. ಬುತ್ತಿಯ ಗಂಟುಗಳನ್ನು ಕೇಳದೆಯೇ ಮೇಲಿನ ಖೋಲಿಗೆ ಸಾಗಿಸಿದರು, ಗಾದಿಯ ಮೇಲೆ ಕುಂತು ಚಾ ಕುಡಿದರು. ಚಾ ಬಸಿ ಕೆಳಗಿಟ್ಟ ಯಜಮಾನರು ನನ್ನ ಮುಖ ನೋಡದೆ ಹೇಳಿದರು, "ಹುಡುಗ್ರು ಒಂದ ಸಲ ಎದುರಿಗೆ ನೋಡೋಣು ಅಂತಾವ್ರಿ. ನೋಡಿ ಬರ್ಲಿ, ಬರೇ ನೋಡಾಕ."

ಹುಡುಗಿಯರು ಹೋದರು. ಅವರನ್ನು ಕರೆಯಲು ಮನೆಯ ಸೊಸೆಯರು ಹೋದರು. ಸೊಸೆಯರನ್ನು ಕರೆಯಲು ಯಜಮಾನರ ತಮ್ಮಂದಿರು ಹೋದರು. ಕಡೆಗೆ ಯಜಮಾನರೂ ಎದ್ದರು. ನಾನು ರಟ್ಟೆ ಹಿಡಿಯಲಿಲ್ಲ. ಇದು ಚೌಕಾಶಿಯ ಏಳುವಿಕೆ ಅಲ್ಲ ಎಂದು ನನಗೆ ಗೊತ್ತಾಗಿತ್ತು. ಗಾದಿಯ ಮೇಲೆ ಉಳಿದವಳು ಆಯಿ ಒಬ್ಬಳೇ.

"ನಿನ್ನ ಕಣ್ಣು ಆ ಗಾಜಿಗೆ ಅಂಟ್ಯಾವಲ್ಲೋ ತಮ್ಮಾ," ಎಂದಳು ಎಲೆಗೆ ಸುಣ್ಣ ಹಚ್ಚುತ್ತ.

"ಇಲ್ಲಬೇ ಆಯಿ, ಹಾದಿ ನೋಡಾಕ್ಹತ್ತೇನಿ."

"ಹಾದಿ ನೋಡವ್ರು ಹಲ್ಲ ಕಡಿಯಂಗಿಲ್ಲೋ ಯಪ್ಪಾ."

ಗಾಜಿನೊಳಗೆ ಎಲ್ಲವೂ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಅವರು ಸೀರೆ ಹಿಡಿದು ನೋಡುತ್ತಿದ್ದರು, ಚೀಟಿ ತಿರುಗಿಸುತ್ತಿದ್ದರು, ಒಂದು ಕಡೆ ಇಡುತ್ತಿದ್ದರು. ಒಬ್ಬರ ಬಾಯಿಯೂ ದೊಡ್ಡದಾಗಿ ತೆರೆಯಲಿಲ್ಲ. ನನ್ನಲ್ಲಿ ಒಂದು ದಿನ ಹಿಡಿಯುತ್ತಿದ್ದ ಜವಳಿ ಒಂದೂವರೆ ತಾಸಿನಲ್ಲಿ ಮುಗಿಯಿತು. ದೊಡ್ಡ ದೊಡ್ಡ ಗಂಟು ಹೊತ್ತುಕೊಂಡು ರಸ್ತೆ ದಾಟಿ ಸೀದಾ ನನ್ನ ಅಂಗಡಿಗೇ ಬಂದರು. ಯಾಕೆಂದರೆ ಬುತ್ತಿ ನನ್ನ ಖೋಲಿಯಲ್ಲಿತ್ತು. ಅವನ ಗಾಜಿನ ಅಂಗಡಿಯಲ್ಲಿ ಕೂತು ಉಣ್ಣಲು ಜಾಗ ಎಲ್ಲಿದೆ?

ಉಂಡರು. ನನ್ನ ಪಾಲನ್ನೂ ಇಟ್ಟರು. ಕೊಡದಿಂದ ನೀರು ತುಂಬಿಕೊಟ್ಟವನು ನಾನೇ. ಕೈ ತೊಳೆದು ಬಂದ ಯಜಮಾನರು ಧಾರೆ ಸೀರೆ ಬಿಚ್ಚಿ ನನ್ನ ತೊಡೆಯ ಮೇಲೆ ಹಾಸಿದರು. "ಸಿಟ್ಟಾಗಬ್ಯಾಡ್ರಿ ಸಾವ್ಕಾರ್ರ. ಹುಡುಗ್ರ ಹಟ. ಆದ್ರ ಅರಿವಿ ತಿಳಿಯೂದು ನಿಮಗ. ರೇಟ್ ಬರೋಬರಿ ಐತೇನ ನೋಡ್ರಿ."

ಸೀರೆ ಮುಟ್ಟಿದ ಕೂಡಲೇ ಗೊತ್ತಾಯಿತು. ಅದೇ ರಾಮದುರ್ಗದ ಮಗ್ಗ, ಅದೇ ಅಂಚು. ಅದರ ಜೋಡಿ ಸೀರೆ ನನ್ನ ಕಪಾಟಿನ ಎರಡನೆಯ ಖಾನೆಯಲ್ಲಿತ್ತು. ಚೀಟಿಯಲ್ಲಿ ಒಂಬೈನೂರ ಐವತ್ತು. ನಾನಾದರೂ ಅಷ್ಟಕ್ಕೇ ಬಂದು ನಿಲ್ಲುತ್ತಿದ್ದೆ. ಹೌದ್ರಿ, ಬರೋಬರಿ ಐತಿ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಗಾಜಿನ ಆಚೆ ಅವನು ಬಿಚ್ಚಿದ ಸೀರೆಗಳನ್ನು ಒಂದೊಂದೇ ಮಡಚಿ ಇಡುತ್ತ ನಿಂತಿದ್ದ, ಅವಸರವಿಲ್ಲದೆ. ಅದನ್ನು ನೋಡಿ ನನ್ನ ಬಾಯಿ ತಡೆಯಲಿಲ್ಲ.

"ನೂರು ರೂಪಾಯಿ ಜಾಸ್ತಿ ಆತ್ರಿ," ಎಂದೆ.

ಎಲ್ಲರ ಮುಖ ಇಳಿಯಿತು. ನನಗೆ ಒಳಗೆ ತಂಪಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ತಂಪು ಒಂದು ನಿಮಿಷವೂ ಬಾಳಲಿಲ್ಲ. ಯಜಮಾನರು ಎದ್ದು ನಿಂತು ಧೋತರದ ಚುಂಗು ಹಿಡಿದರು. "ಹಂಗಾದ್ರ ನಡೀರಿ. ನೀವ ಬಂದು ನಮ್ಮ ಪರವಾಗಿ ಮಾತಾಡ್ರಿ. ಚೌಕಾಶಿ ನಿಮ್ಮಷ್ಟು ಯಾರಿಗೆ ಬರತೈತಿ?"

ಹೀಗೆ ನಾನು ಆ ಅಂಗಡಿಗೆ ಮೊದಲ ಸಲ ಕಾಲಿಟ್ಟೆ, ನನ್ನದೇ ಗಿರಾಕಿಗಳ ವಕೀಲನಾಗಿ.

"ಬರ್ರಿ ಕಾಕಾರ, ಕುಂದರ್ರಿ," ಎಂದು ಅವನು ಕುರ್ಚಿ ಸರಿಸಿದ. ನಾನು ಕುಂತೆ, ಸುರು ಮಾಡಿದೆ. ಸೆರಗಿನ ಬಣ್ಣ ಬಿಡತೈತಿ ಎಂದೆ. ಬಿಟ್ಟರೆ ತರ್ರಿ, ಬದಲಿ ಕೊಡ್ತೇನಿ ಎಂದ. ಇಷ್ಟು ಜವಳಿ ತಗೊಂಡ ಮನಿ ಇದು, ಮಾತಿಗರೆ ಒಂದೀಟು ಇಳಸಬೇಕಲ್ಲ ಎಂದೆ. "ಫಿಕ್ಸ್ ಐತ್ರಿ ಕಾಕಾರ." ಹಾಗಾದರೆ ಜವಳಿ ವಾಪಸ್ ಎಂದು ಎದ್ದು, ಬಾಗಿಲ ತನಕ ನಡೆದು, ಎರಡೂ ಕಾಲಿಗೆ ಚಪ್ಪಲಿ ಮೆಟ್ಟಿ ನಿಂತೆ. ಯಾರೂ ಬಂದು ನನ್ನ ರಟ್ಟೆ ಹಿಡಿಯಲಿಲ್ಲ. ಒಂದಷ್ಟು ಹೊತ್ತು ನಿಂತು, ಚಪ್ಪಲಿ ಬಿಟ್ಟು, ನಾನೇ ತಿರುಗಿ ಬಂದು ಕುಂತೆ. ಸಣ್ಣ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಆಗ ಅವನು ಸೀರೆಯನ್ನು ನನ್ನ ಮುಂದೆ ಸರಿಸಿದ. "ಕಾಕಾರ, ಈ ಸೀರಿ ನಿಮ್ಮ ಕಡೇನೂ ಐತಿ. ಇವರಿಗೆ ಕಡೀಕ ಎಷ್ಟಕ್ಕ ಕೊಡ್ತಿದ್ರಿ, ನೀವ ಹೇಳ್ರಿ. ಅಷ್ಟಕ್ಕ ನಾನೂ ಕೊಡ್ತೇನಿ."

ಮೂವತ್ತು ನಲವತ್ತು ವರ್ಷ ವ್ಯಾಪಾರ ಮಾಡಿದವರೂ ನನ್ನನ್ನು ಹೀಗೆ ಹಿಡಿದಿರಲಿಲ್ಲ. ಕಡಿಮೆ ಹೇಳಿದರೆ ನಾಳೆಯಿಂದ ನಲವತ್ತು ಮನೆಗೂ ಅದೇ ದರಕ್ಕೆ ಕೊಡಬೇಕು, ಅದು ನಾನು ತಂದ ದರಕ್ಕಿಂತ ಕೆಳಗೆ. ಇದ್ದದ್ದು ಹೇಳಿದರೆ ನನ್ನ ನೂರು ರೂಪಾಯಿಯ ಸುಳ್ಳು ಬಯಲು. ನನ್ನ ಸಲಹೆ ಕೇಳುವುದಾದರೆ, ಯಾರಾದರೂ ನಿಮಗೆ ನೀವೇ ದರ ಹೇಳ್ರಿ ಎಂದರೆ ಕುರ್ಚಿಯಿಂದ ಎದ್ದುಬಿಡಿ. ನಾನೋ, ಆಗಲೇ ಒಂದು ಸಲ ಎದ್ದು ಮರ್ಯಾದೆ ಕಳೆದುಕೊಂಡು ಕುಂತಿದ್ದೆ.

"ಚೀಟ್ಯಾಗ ಬರದಷ್ಟಕ್ಕ," ಎಂದೆ.

ಯಜಮಾನರು ಕೂಗಾಡಿದ್ದರೆ ಚಲೋ ಇತ್ತು. ಅವರು ಸಾವಕಾಶ ಕೇಳಿದರು, "ಸುರೂಕ ಎಷ್ಟ ಹೇಳ್ತಿದ್ರಿ?"

"ಒಂದೂವರಿ ಸಾವಿರ."

"ಅಂದ್ರ ನಾವು ಇಡೀ ದಿನ ಬಡದಾಡಿ ಬಂದು ಮುಟ್ಟತಿದ್ದದ್ದು ಇಲ್ಲಿಗೇ."

"ಇಲ್ಲಿಗೇರಿ."

ಆ ಬಡದಾಟದಲ್ಲಿಯೇ ನಿಮ್ಮ ಮನೆಯ ಮಂದಿಯೆಲ್ಲ ನನಗೆ ಪರಿಚಯ ಆದದ್ದು, ಯಾವ ಸೊಸೆಗೆ ಹಸಿರು ಸೇರುತ್ತದೆ ಎಂದು ನಾನು ತಿಳಿದದ್ದು ಎಂದು ಹೇಳಬೇಕೆನಿಸಿತು. ನೂರು ರೂಪಾಯಿ ಸುಳ್ಳು ಹೇಳಿದ ಬಾಯಿಂದ ಆ ಮಾತು ಹೊರಡಲಿಲ್ಲ. ಎದುರಂಗಡಿಯವನು ಗೆದ್ದೆನೆಂದು ನಗಲೂ ಇಲ್ಲ, ಸೀರೆ ಮಡಚಿ ಚೀಲದಲ್ಲಿ ಹಾಕಿಕೊಟ್ಟ. ಅವನು ನಕ್ಕಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಕಾರಣವಾದರೂ ಸಿಗುತ್ತಿತ್ತು.

ಟೆಂಪೋ ಹತ್ತುವಾಗ ಆಯಿ ಮಗನನ್ನು ಕೇಳಿದಳು, "ಇನ್ನ ಮ್ಯಾಲೆ ಬುತ್ತಿ ಎಲ್ಲಿ ಬಿಚ್ಚೂದೋ?"

"ಇಲ್ಲೇ ಬಿಚ್ಚಿದ್ರಾತು ಯವ್ವಾ. ಸಾವ್ಕಾರ್ರು ಬ್ಯಾಡ ಅಂತಾರೇನು?"

"ಬರ್ರಿ," ಎಂದೆ ನಾನು. ಮತ್ತೇನು ಹೇಳಲಿ?

ಎರಡು ವರ್ಷ ಬಿಟ್ಟು ಅವರ ಮಗನ ಲಗ್ನದ ಜವಳಿಗೆ ಹಾಗೆಯೇ ಬಂದರು. ನನ್ನ ಖೋಲಿಯಲ್ಲಿ ಬುತ್ತಿ, ಎದುರಿಗೆ ಜವಳಿ. ಹೊರಡುವ ಹೊತ್ತಿಗೆ ಯಜಮಾನರು, ಉಂಡ ಮನೆಯಿಂದ ಬರಿಗೈಲಿ ಹೋಗಬಾರದೆಂದು ಇರಬೇಕು, ನನ್ನ ಗಾದಿಯ ಅಂಚಿಗೆ ಕುಂತು ಒಂದು ಧೋತರ ತೋರಿಸಲು ಹೇಳಿದರು. ನಾನು ಹಳೆಯ ಹುರುಪಿನಲ್ಲಿ ಒಂದಕ್ಕೊಂದೂವರೆ ದರ ಹೇಳಿದೆ. ಅವರು ಅಂಗಿಯ ಕಿಸೆಗೆ ಕೈ ಹಾಕಿ ಅಷ್ಟನ್ನೂ ತೆಗೆದು ಮುಂದಿಟ್ಟರು.

"ಅರ್ಧಕ್ಕ ಕೇಳ್ರಲ್ಲ," ಎಂದೆ.

"ಬ್ಯಾಡ ಬಿಡ್ರಿ," ಎಂದರು, "ಟೆಂಪೋದವ ಅವಸರ ಮಾಡಾಕ್ಹತ್ಯಾನ."

ಧೋತರ ಬಗಲಲ್ಲಿ ಇಟ್ಟುಕೊಂಡು ಅವರು ರಸ್ತೆಗಿಳಿದರು. ಎದುರಿನವನು ಬಾಗಿಲಿಗೆ ಬಂದು ಕೈ ಮುಗಿದ. ಅವರು ನಿಂತು, ನಗುತ್ತ, ಅವನ ಜೊತೆ ಏನೋ ಮಾತಾಡಿದರು. ಅವಸರವಿದ್ದವರು ಅಷ್ಟು ಹೊತ್ತು ಏನು ಮಾತಾಡಿದರು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.