ಮರ ಹತ್ತೀನಿ ಕಣ್ರವ್ವೋ

ಮಾವನ ಹೆಬ್ಬೆರಳು ಎಷ್ಟು ದಪ್ಪವಿತ್ತೆಂದರೆ, ಗೇಮಿನ ಕಂಟ್ರೋಲರಿನಲ್ಲಿ ಒಂದು ಗುಂಡಿ ಒತ್ತಲು ಹೋದರೆ ಎರಡು ಒಟ್ಟಿಗೆ ಒತ್ತಿಕೊಳ್ಳುತ್ತಿದ್ದವು. ಪರದೆಯ ಮೇಲಿನ ವೀರ ಗೋಡೆ ಹತ್ತುವ ಬದಲು ಕತ್ತಿ ಹಿರಿದು, ಹೂ ಮಾರುವ ಹೆಂಗಸಿನ ಮುಂದೆ ನಿಂತುಬಿಡುತ್ತಿದ್ದ. "ಅಯ್ಯೋ, ತಪ್ಪಾಯ್ತು ಕಣವ್ವ, ನೀನು ಹೂ ಮಾರ್ಕೋ" ಎಂದು ಇವರು ಟೀವಿಗೆ ಕೈ ಮುಗಿಯುತ್ತಿದ್ದರು. ನಲವತ್ತು ವರ್ಷ ತೆಂಗಿನ ಮರ ತಬ್ಬಿದ ಕೈ ಅದು. ಅಂಗೈ ಚರ್ಮ ತೆಂಗಿನ ಚಿಪ್ಪಿನಷ್ಟೇ ಗಡುಸಾಗಿತ್ತು.

ತುರುವೇಕೆರೆಯಿಂದ ದಂಡಿನಶಿವರದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ತೋಟ, ತೋಟದೊಳಗೇ ಮನೆ. ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಮರಗಳ ಕಾಯಿ ಕೆಡವುತ್ತಿದ್ದವರು ಅವರು. ನೆಂಟಸ್ತನವೇನೂ ಇಲ್ಲ, ಆದರೂ ನನಗೆ ಮಾವ.

ಮರಕ್ಕೆ ಕಾಲಿಡುವ ಮುನ್ನ ಮಾವ ಒಂದು ಕೂಗು ಹಾಕುತ್ತಿದ್ದರು: "ಮರ ಹತ್ತೀನಿ ಕಣ್ರವ್ವೋ!" ಹಿಂದೆ ಹಿತ್ತಲ ಬಚ್ಚಲುಗಳಿಗೆ ಸೂರಿರಲಿಲ್ಲ. ಮೇಲಿಂದ ಎಲ್ಲ ಕಾಣುತ್ತದಲ್ಲ, ಹೆಂಗಸರು ಹುಷಾರಾಗಲಿ ಎಂದು ಆ ಕೂಗು. ಬಚ್ಚಲುಗಳಿಗೆಲ್ಲ ತಾರಸಿ ಬಂದ ಮೇಲೂ ಕೂಗು ಉಳಿಯಿತು. ಮನೆಯಿಂದ ಯಾರಾದರೂ "ಹತ್ತಪ್ಪಾ" ಎನ್ನುವ ತನಕ ಅವರು ಹತ್ತುತ್ತಿರಲಿಲ್ಲ. ಒಮ್ಮೆ ಅಮ್ಮ, "ಪಕ್ಕದ ತೋಟದವರು ಹಿತ್ತಲಲ್ಲಿ ಏನೋ ಕಟ್ಟಿಸ್ತಿದ್ದಾರಂತಲ್ಲ, ಮ್ಯಾಲಿಂದ ಕಂಡಿತಾ?" ಎಂದು ಮೆಲ್ಲಗೆ ಕೇಳಿದರು. "ಮ್ಯಾಲೆ ಕಂಡಿದ್ನ ನಾನು ಕೆಳೀಕೆ ತರಾಕಿಲ್ಲ ಕಣಕ್ಕ. ತರೋದು ಕಾಯಿ ಮಾತ್ರ" ಎಂದುಬಿಟ್ಟರು. ಅಮ್ಮ ಒಂದು ವಾರ ಮುಖ ಊದಿಸಿಕೊಂಡಿದ್ದರು.

ನಾನು ಡಿಗ್ರಿ ಮುಗಿಸಿ ಮನೆಯಲ್ಲಿ ದಂಡಕ್ಕೆ ಕೂತಿದ್ದ ವರ್ಷ. ನನ್ನ ಪ್ರಪಂಚವೆಲ್ಲ ಟೀವಿಗೆ ಸಿಕ್ಕಿಸಿದ ಗೇಮಿನ ಪೆಟ್ಟಿಗೆಯೊಳಗಿತ್ತು. ಐನೂರು ವರ್ಷ ಹಿಂದಿನ, ಯಾವುದೋ ದೂರದ ಸೀಮೆಯ ಶಹರ. ನಡುವೆ ಹೊಳೆ, ಕೆಂಪು ಹೆಂಚಿನ ಮನೆಗಳು, ಎಲ್ಲಿ ನೋಡಿದರೂ ಗಂಟೆ ಗೋಪುರ. ಯಾವ ಬೀದಿಗಾದರೂ ನುಗ್ಗಬಹುದು, ಯಾವ ಗೋಡೆಯನ್ನಾದರೂ ಹತ್ತಬಹುದು. ಒಂದು ಬೆಳಿಗ್ಗೆ ಅಪ್ಪ ತಿಪಟೂರಿಗೆ ಹೊರಡುತ್ತಾ, "ಕೊಟ್ಟಿಗೆ ಹಿಂದಿನ ಮರಕ್ಕೆ ಹುಳ ಬಿದ್ದು ಸುಳಿ ಕೊಳೆತೈತೆ. ಮಾವ ಬಂದ್ರೆ ಅದ್ನ ಹತ್ತಬ್ಯಾಡ ಅಂತ ಹೇಳ್ಬುಡು ಕಣ್ಲಾ" ಎಂದರು. ಹೂಂ ಎಂದೆ. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯ ಹಿಂದಿನಿಂದ ಆ ಕೂಗು ಬಂದಾಗ, ನಾನು ಶಹರದ ಅತಿ ಎತ್ತರದ ಗೋಪುರಕ್ಕೆ ನೇತುಬಿದ್ದಿದ್ದೆ. ಪರದೆಯಿಂದ ಕಣ್ಣು ಕೀಳದೆ ಅರಚಿದೆ, "ಹತ್ತು ಮಾವ!"

ಮರ ಹೊರಗಿನಿಂದ ಹಸಿರಾಗಿಯೇ ಇತ್ತು. ತುದಿ ಮುಟ್ಟಿ ಹಿಡಿದ ಗರಿ ಬುಡಸಮೇತ ಕೈಗೆ ಬಂತಂತೆ. ಕೆಳಗಿದ್ದ ಒಣಗರಿಯ ರಾಶಿ ಜೀವ ಉಳಿಸಿತು, ಸೊಂಟ ಉಳಿಯಲಿಲ್ಲ. "ಹೇಳಿದ್ಯೇನ್ಲಾ?" ಎಂದು ಅಪ್ಪ ಕೇಳಿದಾಗ ನಾನು, ಇಪ್ಪತ್ತೆರಡು ವರ್ಷದ ಕೋಣ, "ಹೇಳಿದ್ದೆ" ಎಂದೆ. ಆಸ್ಪತ್ರೆಯಲ್ಲಿ ಅಪ್ಪ ಮಾವನನ್ನೇ ಬೈದರು: "ಹೇಳ್ಕಳ್ಸಿದ್ರೂ ಹತ್ತಿದ್ಯಲ್ಲೋ ಮಾರಾಯ!" ಮಾವ ಮಂಚದ ಮೇಲಿಂದ ನನ್ನ ಮುಖವನ್ನೊಮ್ಮೆ ನೋಡಿದರು. "ತಪ್ಪಾಯ್ತು ಯಜಮಾನ್ರೇ" ಎಂದರು. ನಾನು ಹೊರಗೆ ಬಂದು, ಔಷಧಿ ತರುವ ನೆಪದಲ್ಲಿ ಅತ್ತೆ.

ಎದ್ದು ಓಡಾಡುವಂತಾಗಲು ವರ್ಷ ಹಿಡಿಯಿತು. ಆಮೇಲೆ ದಿನಾ ಕೋಲೂರಿಕೊಂಡು ನಮ್ಮ ಮನೆಗೆ ಬಂದು, ಜಗಲಿಯಲ್ಲಿ ತೋಟಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ಮರಗಳ ಕಡೆ ಕತ್ತೆತ್ತುತ್ತಿರಲಿಲ್ಲ. ಆ ಬೆನ್ನು ನೋಡಲಾರದೆ ಒಂದು ದಿನ ಒಳಗೆ ಕರೆದು ಕಂಟ್ರೋಲರ್ ಕೈಗಿಟ್ಟೆ. "ಇದ್ರಲ್ಲೂ ಹತ್ತಬೌದಾ?" ಎಂದರು. ಅಲ್ಲಿಂದ ಶುರು.

ಗೇಮಿನ ಕಾಳಗ, ಕಾರಸ್ಥಾನ ಯಾವುದೂ ಅವರಿಗೆ ಬೇಡ. ಸಂತೆಬೀದಿಯಲ್ಲಿ ನಿಧಾನ ನಡೆದು, ಗೋಪುರದ ಬುಡಕ್ಕೆ ಬಂದು, ಕಲ್ಲುಸಂದುಗಳನ್ನು ಅಳೆದು ನೋಡಿ, ಕೊನೆಗೆ ಟೀವಿಗೆ ಬಾಯಿ ಹಾಕಿ ಕೂಗುತ್ತಿದ್ದರು: "ಹತ್ತೀನಿ ಕಣ್ರವ್ವೋ!" ಅಡುಗೆಮನೆಯಿಂದ ಅಮ್ಮ, ರೂಢಿಬಲದಿಂದ, "ಹತ್ತಪ್ಪಾ" ಎನ್ನುವರು. ಆಗಷ್ಟೇ ಆ ವೀರ ಮೇಲೆ ಹೋಗುತ್ತಿದ್ದ. ತುದಿಯಲ್ಲಿ ಶಹರವೆಲ್ಲ ಕಾಣುವಾಗ ಮಾವನ ಮುಖ ನೋಡಬೇಕಿತ್ತು.

ಇಳಿಯುವುದೇ ತಾಪತ್ರಯ. ಆ ಆಟದಲ್ಲಿ ಗೋಪುರದಿಂದ ಹುಲ್ಲಿನ ಗಾಡಿಗೆ ಹಾರಿದರೆ ಏನೂ ಆಗುವುದಿಲ್ಲ. ನಾನು ಒಂದು ಗುಂಡಿ ತೋರಿಸಿ "ಹಾರು ಮಾವ" ಎಂದರೆ, "ಹುಲ್ಲಿನ ಮ್ಯಾಲೆ ಬಿದ್ರೂ ಬಿದ್ದಂಗೇ ಕಣಪ್ಪ" ಎಂದು ಒಂದೊಂದೇ ಕಲ್ಲು ಹಿಡಿದು ಇಳಿಸುತ್ತಿದ್ದರು. ಕಾಲು ಗಂಟೆ ಬೇಕು. ನನ್ನ ಜೀವನದಲ್ಲಿ ಅಷ್ಟು ತಾಳ್ಮೆಯಿಂದ ಯಾವುದನ್ನೂ ನೋಡಿಲ್ಲ.

ಹಾಗೆ ಇಳಿಸುತ್ತಿದ್ದ ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. "ಮಾವ, ಅವತ್ತು ಅಪ್ಪ ಹೇಳಿದ್ನ ನಾನು ನಿಂಗೆ ಹೇಳ್ಲೇ ಇಲ್ಲ. ಈ ಆಟದಲ್ಲಿ ಮುಳುಗೋಗಿದ್ದೆ. ಅಪ್ಪಂಗೂ ಸುಳ್ಳು ಹೇಳ್ದೆ."

ವೀರ ಅರ್ಧ ಗೋಡೆಯಲ್ಲಿ ನಿಂತ. ಮಾವ ಪರದೆ ನೋಡುತ್ತಲೇ ಹೇಳಿದರು: "ನಿಂದಲ್ಲ, ನಂದೇ ತಪ್ಪು ಕಣಪ್ಪ. ಮರದ ಮ್ಯಾಲಿಂದ ನಿಮ್ಮ ಕಿಟಕೀಲಿ ಈ ಟೀವಿ ಕಾಣ್ತಿತ್ತು. ಯಾವೂರಪ್ಪ ಇದು, ಇಷ್ಟೊಂದು ಗೋಪುರ ಅಂತ ನೋಡ್ಕಂಡು ಕೊಳೆತ ಗರಿ ಹಿಡ್ದೆ. ಗ್ಯಾನ ಇದ್ದಿದ್ರೆ ಗಟ್ಟಿ ಗರಿ ಹಿಡೀತಿದ್ದೆ. ಬುಡು ಅತ್ಲಾಗೆ."

ನಾನು ನಂಬಿದೆ. ನಂಬುವುದು ಎಷ್ಟು ಹಿತವಾಗಿತ್ತು! ಅಂದು ಸಂಜೆಯೇ ಅಪ್ಪನಿಗೆ ನಿಜ ಹೇಳಿ ಬೈಸಿಕೊಂಡೆ. ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಹೋದ ಚಳಿಗಾಲದಲ್ಲಿ ಮಾವ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟರು. ಈಗ ಕಾಯಿ ಕೆಡವಲು ಹಂದನಕೆರೆ ಕಡೆಯವರೊಬ್ಬರು ಬರುತ್ತಾರೆ. ಮರಕ್ಕೆ ಯಂತ್ರ ಸಿಕ್ಕಿಸಿ, ಮಾತಿಲ್ಲದೆ ಹತ್ತುತ್ತಾರೆ. ನಾನೇ ಬುಡದಲ್ಲಿ ನಿಂತು, ಸುಳಿ ನೋಡಿ, "ಹತ್ತಣ್ಣಾ" ಎನ್ನುತ್ತೇನೆ. ಅವರಿಗೆ ನಗು.

ಮೊನ್ನೆ ಅವರು ಕೊಟ್ಟಿಗೆಯ ಹಿಂದೆ, ಕಡಿದು ಹಾಕಿದ ಆ ಹಳೆಯ ಮರದ ಮೋಟಿಗೆ ತಾಗಿದಂತಿರುವ ಮರದ ತುದಿಯಲ್ಲಿದ್ದರು. ಮಾವನ ನೆನಪಾಗಿ ಕೆಳಗಿನಿಂದ ಸುಮ್ಮನೆ ಕೇಳಿದೆ, "ಅಣ್ಣಾ, ನಮ್ಮ ಮನೆ ಕಿಟಕೀಲಿ ಟೀವಿ ಕಾಣ್ತದಾ?"

ಅವರು ಕತ್ತು ಆಚೀಚೆ ತಿರುಗಿಸಿದರು. "ಎಲ್ಲೀ ಕಿಟಕಿ? ನಿಮ್ಮನೆ ಬೆನ್ನುಗೋಡೆ ಅಲ್ವಾ ಇತ್ಲಾಗಿರೋದು! ಬರೀ ಹೆಂಚು ಕಾಣ್ತದೆ."

ಕಿಟಕಿ ರಸ್ತೆಯ ಕಡೆಗಿದೆ. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿರುವ ನನಗೆ ಅಂದು ಅದು ಹೊಳೆದಿರಲಿಲ್ಲ, ಹೊಳೆಯುವುದು ನನಗೆ ಬೇಕಿರಲಿಲ್ಲ. ಮೇಲೆ ಕಂಡದ್ದನ್ನು ಎಂದೂ ಕೆಳಗೆ ತರದಿದ್ದ ಮಾವ, ನನಗೋಸ್ಕರ ಒಂದೇ ಒಂದು ಸಲ, ಕಾಣದೇ ಇದ್ದದ್ದನ್ನು ತಂದು ಕೊಟ್ಟಿದ್ದರು.