ಮೊಮ್ಮಗಳಿಗೆ ಸಿಕ್ಕ ಸೈಟು

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನನ್ನ ಮೊಮ್ಮಗಳು ಸಿವಿಲ್ ಇಂಜಿನಿಯರ್. ಕೆಂಪಾಪುರದ ನಮ್ಮ ಬೀದಿಯಲ್ಲಿ ಈ ಮಾತನ್ನು ನನ್ನ ಬಾಯಿಂದ ಕೇಳದ ಮನೆ ಇರಲಿಕ್ಕಿಲ್ಲ.

ಎರಡು ವರ್ಷ ಅವಳು ಆಫೀಸಿನಲ್ಲಿ ಕೂತು ಕಂಪ್ಯೂಟರಿನಲ್ಲಿ ಕಟ್ಟಡದ ನಕ್ಷೆ ನೋಡುತ್ತಿದ್ದಳು. ಒಂದು ಸಂಜೆ ನನ್ನ ಪಕ್ಕ ಬಂದು ಕೂತು, "ಅಜ್ಜಿ, ಯಲಹಂಕದಲ್ಲಿ ನಂಗೆ ಸೈಟ್ ಕೊಡ್ತಾರಂತೆ. ಅಪ್ಪ ಬೇಡ ಅಂತಾರೆ. ನೀನೇ ಹೇಳು" ಅಂದಳು.

ನಮ್ಮ ಕಡೆ ಸೈಟು ಅಂದರೆ ಮನೆ ಕಟ್ಟುವ ಜಾಗ. ಮೂವತ್ತು ನಲವತ್ತರ ಒಂದು ಸೈಟಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದನ್ನು ಕಂಡವಳು ನಾನು. ಕಂಪನಿಯವರೇ ಕರೆದು ಕೊಡುವಾಗ ನನ್ನ ಮಗ ಬೇಡ ಅನ್ನುತ್ತಾನಲ್ಲ, ಇವನಿಗೇನಾಯಿತು?

"ಕೊಡೋ ಸೈಟ್ ಬೇಡ ಅಂತೀಯೇನೋ?" ಎಂದು ಅವನನ್ನು ಕೇಳಿದೆ.

"ಅಲ್ಲಿ ಧೂಳು, ಬಿಸಿಲು, ಬರೀ ಗಂಡಸ್ರು ಕಣಮ್ಮ."

"ಧೂಳಿದ್ರೆ ನೀರ್ ಹಾಕುದ್ರಾಯ್ತು. ಸುಮ್ನೆ ಒಪ್ಕೋ."

ಅವನು ನನ್ನ ಮಾತು ಮೀರುವವನಲ್ಲ. "ಒಂದ್ ತಿಂಗ್ಳು ನೋಡೋಣ" ಅಂದ.

ಸೈಟು ಯಾವ ದಿಕ್ಕಿಗಿದೆ ಎಂದು ಮೊಮ್ಮಗಳನ್ನು ಕೇಳಿದರೆ, "ಮೂರು ಎಕರೆ ಇದೆ ಅಜ್ಜಿ, ಎಲ್ಲಾ ದಿಕ್ಕಿಗೂ ಇದೆ" ಎಂದು ನಕ್ಕಳು. ಮೂರು ಎಕರೆ. ಆ ಸಂತೋಷಕ್ಕೆ ಎರಡು ದಿನ ನನಗೆ ಊಟ ಸೇರಲಿಲ್ಲ.

ತಿಂಗಳು ಕಳೆದ ಮೇಲೆ ಮಗ ನನ್ನನ್ನು ಯಲಹಂಕಕ್ಕೆ ಕರೆದುಕೊಂಡು ಹೋದ. ಪೂಜೆಗೆಂದು ಅರಿಶಿನ, ಕುಂಕುಮ, ನಿಂಬೆಹಣ್ಣು ಕಟ್ಟಿಕೊಂಡಿದ್ದೆ. ನೋಡಿದರೆ ಅಲ್ಲಿ ಏಳು ಅಂತಸ್ತು ಎದ್ದು ನಿಂತಿದೆ.

"ನಿನ್ ಸೈಟಲ್ಲಿ ಯಾರೋ ಆಗ್ಲೇ ಕಟ್ಬಿಟ್ಟವ್ರಲ್ಲೇ" ಅಂದೆ.

ಹೆಲ್ಮೆಟ್ ಹಾಕಿಕೊಂಡಿದ್ದ ಮೊಮ್ಮಗಳು, "ನಾವೇ ಕಟ್ತಿರೋದು ಅಜ್ಜಿ. ಇಲ್ಲಿ ಕೆಲಸ ಮಾಡ್ಸೋದೆಲ್ಲ ನಾನು. ಸೈಟ್ ನಡೆಸಿದ್ರೆ ತಾನೇ ಮುಂದೆ ಮ್ಯಾನೇಜರ್ ಆಗೋದು" ಅಂದಳು.

"ಮುಗಿದ್ಮೇಲೆ?"

"ಇನ್ನೊಂದ್ ಸೈಟಿಗೆ ಹೋಗ್ತೀನಿ."

"ಅಂಗಾರೆ ಇದನ್ನ ವಾಪಸ್ ಕೊಡ್ಬೇಕಾ?"

ಅವಳು ಉತ್ತರ ಕೊಡುವಷ್ಟರಲ್ಲಿ ಕಾಂಕ್ರೀಟ್ ಲಾರಿ ಬಂತು, ಅತ್ತ ಓಡಿದಳು. ಮಗನಿಗೆ ಅರ್ಥವಾಗಿತ್ತು. "ನೀನು ಜಾಗ ಅನ್ಕೊಂಡಿದ್ದಾ? ಈಗ ಗೊತ್ತಾಯ್ತಲ್ಲ. ಆಫೀಸಿಗೇ ವಾಪಸ್ ಹೋಗು ಅಂತ ನೀನೇ ಹೇಳಮ್ಮ, ನಿನ್ ಮಾತು ಕೇಳ್ತಾಳೆ" ಅಂದ.

ಜಾಗವೂ ಅವಳದಲ್ಲ, ಕಟ್ಟಡವೂ ಅವಳದಲ್ಲ. ತಿಳಿಯದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೋ, ಬೇಡವೋ?

ಅಷ್ಟರಲ್ಲಿ ಅವಳು ಲಾರಿಯಿಂದ ಸ್ವಲ್ಪ ಕಾಂಕ್ರೀಟನ್ನು ತಗಡಿನ ಅಚ್ಚಿಗೆ ತುಂಬಿಸಿ, ಅಚ್ಚು ಎತ್ತಿದಳು. ಅದು ಅಂಬಲಿಯಂತೆ ಹರಡಿಕೊಂಡಿತು. ನೀರು ಜಾಸ್ತಿ ಎಂದು ನನಗೂ ತಿಳಿಯಿತು.

"ವಾಪಸ್ ತಗೊಂಡ್ಹೋಗಿ" ಅಂದಳು.

"ಹೆಬ್ಬಾಳದ ಟ್ರಾಫಿಕ್ಕಲ್ಲಿ ಇನ್ನೊಂದ್ಸಲ ಸಾಯ್ಬೇಕಾ ಮೇಡಂ?" ಎಂದ ಡ್ರೈವರ್.

"ಮುದ್ದೆ ತರ ನಿಲ್ಬೇಕಣ್ಣ ಇದು. ಸರಿಯಾಗಿರೋದು ತನ್ನಿ, ಕಾಯ್ತೀನಿ."

ಅವನು ಗೊಣಗುತ್ತಲೇ ಲಾರಿ ತಿರುಗಿಸಿದ.

"ನಾನ್ ಕೈ ಅಡ್ಡ ಹಾಕುದ್ರೆ ಬಸ್ಸೂ ನಿಲ್ಲಲ್ಲ ಕಣೋ" ಎಂದೆ ಮಗನಿಗೆ. "ಇವಳ್ ಮಾತಿಗೆ ಅಷ್ಟ್ ದೊಡ್ ಲಾರಿ ತಿರುಗ್ತು. ನಾನ್ಯಾಕೆ ಬೇಡ ಅನ್ಲಿ?"

ಅವನು ಮಗಳ ಹತ್ತಿರ ಹೋಗಿ, ನಾಳೆಯಿಂದ ಮಧ್ಯಾಹ್ನದ ಊಟ ಎಷ್ಟು ಗಂಟೆಗೆ ತಂದುಕೊಡಲಿ ಎಂದು ಕೇಳಿದ.